‘ಪಥ’ ‘ಪದ’ವಾದಾಗ: ಅವಸರದ ಅಕ್ಷರದ ಮೇಲೆ ಎರಡು ಅವಧಿಯ ಪಾಠ

ಬೋಧನಾಭ್ಯಾಸದ ಎರಡನೆಯ ವಾರದ ಕೊನೆಗೆ ಒಂಬತ್ತನೆಯ ತರಗತಿಗೆ ‘ಚಲನೆ’ ಘಟಕದ ಮೇಲೆ ಹತ್ತು ಅಂಕಗಳ ಕಿರುಪರೀಕ್ಷೆ ಕೊಟ್ಟಿದ್ದೆ. ಮೊದಲ ಪ್ರಶ್ನೆ ಸುಲಭದ್ದು: ದೂರ ಎಂದರೇನು? ವಸ್ತು ಚಲಿಸಿದ ಪಥದ ಒಟ್ಟು ಉದ್ದ ಎಂದು ಬರೆದರೆ ಒಂದು ಅಂಕ. ಸಂಗೊಳ್ಳಿಯ ಬಾಡಿಗೆ ಕೋಣೆಯಲ್ಲಿ ರಾತ್ರಿ ಉತ್ತರಪತ್ರಿಕೆ ತಿದ್ದಲು ಕುಳಿತೆ. ಮೂರನೆಯ ಪತ್ರಿಕೆಯಲ್ಲಿ ‘ಚಲಿಸಿದ ಪದದ ಒಟ್ಟು ಉದ್ದ’ ಎಂದಿತ್ತು. ಕಾಗುಣಿತದ ತಪ್ಪು ಎಂದು ಕೆಂಪು ಗೆರೆ ಎಳೆದು ಮುಂದೆ ಹೋದೆ. ಏಳನೆಯದರಲ್ಲೂ ಅದೇ ಇತ್ತು. ಎಲ್ಲ ಮುಗಿಸಿ ಎಣಿಸಿದರೆ ಹನ್ನೊಂದು ಪತ್ರಿಕೆಗಳಲ್ಲಿ ವಸ್ತು ಪಥ ಬಿಟ್ಟು ಪದದ ಮೇಲೆ ಚಲಿಸಿತ್ತು. ಒಬ್ಬಳು ಉದಾಹರಣೆಯನ್ನೂ ಕೊಟ್ಟಿದ್ದಳು: ‘ಸಂಗೊಳ್ಳಿ ಎಂಬ ಪದ ಉದ್ದ, ಊರು ಎಂಬ ಪದ ಗಿಡ್ಡ.’

ಮೊದಲು ನಗು ಬಂತು. ಆ ಹುಡುಗಿ ಅರ್ಥವಾಗದ್ದನ್ನು ಅರ್ಥ ಮಾಡಿಕೊಳ್ಳಲು ಎಷ್ಟು ಕಷ್ಟಪಟ್ಟಿದ್ದಾಳೆ ಎಂದು ಹೊಳೆದ ಮೇಲೆ ನಗು ಹೋಯಿತು.

ಮರುದಿನ ತರಗತಿಯಲ್ಲಿ ಕೇಳಿದೆ. ಮೂರನೆಯ ಬೆಂಚಿನ ಹುಡುಗಿ ಎದ್ದು ನಿಂತು ಹೇಳಿದಳು: “ಟೀಚರ್, ಬೋರ್ಡಿನ ಮ್ಯಾಲ ನೀವ ಹಂಗ ಬರದಿದ್ರಿ. ನಾವು ನೋಡಿ ಬರಕೊಂಡೇವ್ರಿ.” ಅವಳ ಟಿಪ್ಪಣಿ ಪುಸ್ತಕ ನೋಡಿದೆ, ಪಕ್ಕದವಳದ್ದೂ ನೋಡಿದೆ. ಎರಡರಲ್ಲೂ ‘ಪದದ’ ಎಂದೇ ಇತ್ತು. ಆಮೇಲೆ ಹಲಗೆಯ ಮೇಲೆ ನನ್ನ ಮಾಮೂಲಿ ಓಟದಲ್ಲಿ ‘ಪಥ’ ಎಂದು ಬರೆದು, ಕೊನೆಯ ಬೆಂಚಿನ ತನಕ ನಡೆದುಹೋಗಿ ತಿರುಗಿ ನೋಡಿದೆ. ಅಲ್ಲಿ ನಿಂತವರಿಗೆ ಅದು ‘ಪದ’ವೇ. ಮಕ್ಕಳು ನೋಡಿದ್ದನ್ನೇ ಬರೆದಿದ್ದರು. ಹನ್ನೊಂದು ಪತ್ರಿಕೆಗಳ ಕೆಂಪು ಗೆರೆಗಳನ್ನು ನಾನೇ ಹೊಡೆದುಹಾಕಿ ಅಂಕ ಸೇರಿಸಬೇಕಾಯಿತು.

ಸೂಕ್ಷ್ಮ ಬೋಧನೆಯಲ್ಲಿ ಕಪ್ಪುಹಲಗೆ ಬರವಣಿಗೆಯ ಕೌಶಲಕ್ಕೆ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು ಎಂಬುದನ್ನು ಇಲ್ಲಿ ಹೇಳಬೇಕು. ಆರು ನಿಮಿಷ, ಎದುರಿಗೆ ಹತ್ತು ಸಹಪಾಠಿಗಳು, ಬರೆಯಬೇಕಾದದ್ದು ನಾಲ್ಕು ಸಾಲು. ಅಲ್ಲಿ ಯಾರ ಅಕ್ಷರವಾದರೂ ಚೆನ್ನಾಗಿಯೇ ಇರುತ್ತದೆ. ಶಾಲೆಯಲ್ಲಿ ನಲವತ್ತು ನಿಮಿಷದೊಳಗೆ ಹಾಜರಿ, ಪೂರ್ವಜ್ಞಾನದ ಪ್ರಶ್ನೆ, ಚಟುವಟಿಕೆ, ಎರಡು ಲೆಕ್ಕ, ಮನೆಗೆಲಸ ಎಲ್ಲ ಆಗಬೇಕು. ಆಗ ಕೈ ತನ್ನ ಹಳೆಯ ಚಾಳಿಗೆ ಇಳಿಯುತ್ತದೆ. ಬಿಎಸ್ಸಿಯ ಮೂರು ವರ್ಷ ಉಪನ್ಯಾಸಕರ ಮಾತಿನ ಹಿಂದೆ ಓಡಿ ಓಡಿ ಟಿಪ್ಪಣಿ ಬರೆದ ಕೈ ಇದು. ಆ ಅಕ್ಷರವನ್ನು ಓದಬೇಕಾದವಳು ನಾನೊಬ್ಬಳೇ ಆಗಿದ್ದೆ. ಮಾರ್ಗದರ್ಶಕ ಶಿಕ್ಷಕಿ ನನ್ನ ಪಾಠಯೋಜನೆಯ ಅಂಚಿನಲ್ಲಿ ಮೊದಲ ವಾರವೇ ‘ಹಲಗೆ ಬರಹ ಸ್ಪಷ್ಟವಿರಲಿ’ ಎಂದು ಬರೆದಿದ್ದರು. ಎಲ್ಲರ ಯೋಜನೆಯಲ್ಲೂ ಬರೆಯುವ ಮಾತು ಎಂದುಕೊಂಡು ಬಿಟ್ಟಿದ್ದೆ.

ಅದೇ ದಿನ ಇನ್ನೊಂದು ಪುಸ್ತಕ ಕೈಗೆ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬನದು. ‘ಚಲನೆ’ ಎಂಬ ತಲೆಬರಹದ ಕೆಳಗೆ ಎರಡು ಸಾಲು ಇದ್ದವು, ಆಮೇಲೆ ಪುಟ ಖಾಲಿ. ಕೊನೆಯ ಪುಟಗಳು ಮಾತ್ರ ತುಂಬಿದ್ದವು. ಅವನ ಹೆಸರು, ಗೆಳೆಯನ ಹೆಸರು, ಊರಿನ ಹೆಸರು, ಎಲ್ಲ ಗಾಳಿ ತುಂಬಿದ ಬಲೂನಿನ ಹಾಗೆ ಉಬ್ಬಿದ ಅಕ್ಷರಗಳಲ್ಲಿ. ಒಂದು ಅಕ್ಷರ ಮುಂದಿನದರ ಮೈಮೇಲೆ ಒರಗಿತ್ತು, ಒಳಗೆ ಪೆನ್ಸಿಲಿನ ತೆಳು ತುಂಬು. “ಇದೆಲ್ಲಿ ಕಲಿತಿ?” ಎಂದೆ. “ಮೊಬೈಲ್‌ನ್ಯಾಗ ರೀ ಟೀಚರ್. ರೈಲಿನ ಮ್ಯಾಲ ಬರೀತಾರಲ್ರೀ, ಹಂಗ.” ಬೋರ್ಡಿನದ್ದನ್ನು ಏಕೆ ಬರೆದುಕೊಂಡಿಲ್ಲ ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿ ಹೇಳಿದ: “ತಿಳಿವಲ್ದು ರೀ. ತಿಳಿಯೂದ್ರಾಗ ನೀವು ಅಳಿಸಿ ಬಿಡ್ತೀರಿ.”

ಅವನು ಹೇಳಿದ ರೈಲಿನ ಅಕ್ಷರಗಳ ಬಗ್ಗೆ ಆ ರಾತ್ರಿ ಓದಿದೆ. ಅವು ನ್ಯೂಯಾರ್ಕಿನ ಸುರಂಗ ರೈಲುಗಳವು. 1971ರ ಜುಲೈಯಲ್ಲಿ ಅಲ್ಲಿನ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ‘ಟಾಕಿ 183’ ಎಂದು ನಗರದ ತುಂಬ ತನ್ನ ಅಡ್ಡಹೆಸರು ಬರೆಯುತ್ತಿದ್ದ ಹುಡುಗನ ಬಗ್ಗೆ ವರದಿ ಮಾಡಿತು. 183 ಎಂಬುದು ಅವನಿದ್ದ ಬೀದಿಯ ಸಂಖ್ಯೆ. ಮುಂದಿನ ಕೆಲವೇ ವರ್ಷಗಳಲ್ಲಿ ಇಡೀ ಬೋಗಿಗಳೇ ಬಣ್ಣದಲ್ಲಿ ಮುಳುಗಿದವು. ಈ ಬರಹಗಾರರಲ್ಲಿ ಮೂರು ಬಗೆಯ ಬರಹಗಳಿದ್ದವು. ಒಂದೇ ಬಣ್ಣದಲ್ಲಿ ಸಹಿಯಂತೆ ಗೀಚುವುದು ‘ಟ್ಯಾಗ್’. ಹಲವು ಬಣ್ಣ, ನೆರಳು, ಅಲಂಕಾರ ಸೇರಿಸಿ ತಾಸುಗಟ್ಟಲೆ ಬರೆಯುವುದು ‘ಪೀಸ್’. ಇವೆರಡರ ನಡುವಿನದು ‘ಥ್ರೋ-ಅಪ್’: ಎರಡು ಮೂರು ಅಕ್ಷರ, ಉಬ್ಬಿದ ದುಂಡು ಆಕಾರ, ಒಳಗೆ ಒಂದು ಬಣ್ಣದ ತೆಳು ತುಂಬು, ಸುತ್ತ ಇನ್ನೊಂದು ಬಣ್ಣದ ಒಂದು ಗೆರೆ, ಅಷ್ಟೇ. ರಾತ್ರಿ ರೈಲು ನಿಲ್ಲುವ ಅಂಗಳಕ್ಕೆ ಕದ್ದು ನುಗ್ಗಿ, ಕಾವಲುಗಾರ ಬರುವ ಮೊದಲು ಮುಗಿಸಿ ಓಡಬೇಕಾದವರ ಅಕ್ಷರ ಅದು. ಮೂಲೆ, ಮೊನೆ, ಅಲಂಕಾರ ಎಲ್ಲ ಬಿದ್ದುಹೋಗಿ ಕೈ ತಿರುಗಿದಂತೆ ತಿರುಗುವ ದುಂಡು ಮಾತ್ರ ಉಳಿಯಿತು. ಈ ಉಬ್ಬಕ್ಷರವನ್ನು ಮೊದಲು ರೂಪಿಸಿದ ಶ್ರೇಯಸ್ಸನ್ನು ಸಾಮಾನ್ಯವಾಗಿ ಬ್ರಾಂಕ್ಸ್ ಭಾಗದ ‘ಫೇಸ್ 2’ ಎಂಬ ಹೆಸರಿನ ಬರಹಗಾರನಿಗೆ ಕೊಡುತ್ತಾರೆ. ಆ ನಗರದ ಸಾರಿಗೆ ಪ್ರಾಧಿಕಾರ ರೈಲುಗಳನ್ನು ತೊಳೆದು ತೊಳೆದು, 1989ರ ಮೇ 12ರಂದು ಬರಹವಿದ್ದ ಕೊನೆಯ ಬೋಗಿಯನ್ನು ಓಡಾಟದಿಂದ ತೆಗೆಯಿತು.

ಪರರ ಆಸ್ತಿಯ ಮೇಲೆ ಬರೆಯುವುದು ತಪ್ಪು ಎಂದು ಹುಡುಗನಿಗೆ ಹೇಳಿದ್ದೇನೆ. ನನ್ನನ್ನು ತಡೆದದ್ದು ಬೇರೆ ಸಂಗತಿ. ದಿನವೂ ಆ ರೈಲು ಹತ್ತುವ ಬಹಳ ಜನರಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ, ಇನ್ನೊಬ್ಬ ಬರಹಗಾರನಿಗೆ ಮಾತ್ರ ನೋಡಿದ ಕೂಡಲೇ ತಿಳಿಯುತ್ತಿತ್ತು. ಬರೆದವರಿಗೂ ಅಷ್ಟೇ ಸಾಕಾಗಿತ್ತು. ನನ್ನ ಹಲಗೆಯ ಬರಹವೂ ಅಂಥದ್ದೇ ಆಗಿತ್ತಲ್ಲ!

ನಾವು ಬಾಡಿಗೆಗಿದ್ದ ಮನೆಯ ಅಜ್ಜನಿಗೆ ಈ ಕಥೆ ಹೇಳಿದೆ. “ಹಂಗಾರ ನೀ ಮೋಡಿ ಬರದೀ ಅನ್ನು” ಎಂದು ನಕ್ಕರು. ನಮ್ಮ ಕಡೆ ತಿಳಿಯದ ಅಕ್ಷರಕ್ಕೆ ಹಾಗೆ ಹೇಳುವುದುಂಟು. ಆಮೇಲೆ ಒಳಗಿನಿಂದ ತಗಡಿನ ಡಬ್ಬಿ ತಂದು, ಅರಿವೆಯಲ್ಲಿ ಸುತ್ತಿದ್ದ ಒಂದು ಕಾಗದ ಬಿಚ್ಚಿದರು. ಮೇಲಿನಿಂದ ಕೆಳಗಿನವರೆಗೆ ಅಡ್ಡಗೆರೆಗಳು, ಪ್ರತಿ ಗೆರೆಗೂ ಜೋತುಬಿದ್ದ ಬಾಗಿದ ಅಕ್ಷರಗಳು. ಒಂದು ಪದ ಮುಗಿದು ಇನ್ನೊಂದು ಶುರುವಾಗುವುದು ಎಲ್ಲಿ ಎಂದು ಗೊತ್ತಾಗುವಂತಿರಲಿಲ್ಲ. “ಹೊಲದ ಕಾಗದ ಅಂತ ನಮ್ಮಪ್ಪ ಹೇಳ್ತಿದ್ದಾ. ಅವ್ಗ ಓದಾಕ ಬರ್ತಿತ್ತು. ನನಗ ಬರಂಗಿಲ್ಲ. ನನ್ನ ಮಕ್ಕಳಿಗಂತೂ ಇದು ಯಾವ ಭಾಷಾ ಅನ್ನೂದೂ ಗೊತ್ತಿಲ್ಲ.”

ಮೋಡಿ ಎಂಬುದು ಮರಾಠಿಯನ್ನು ಬೇಗ ಬರೆಯಲು ಬಳಸುತ್ತಿದ್ದ ಲಿಪಿ. ಯಾದವರ ಮಂತ್ರಿ ಹೇಮಾದ್ರಿ ಅದನ್ನು ತಂದನೆಂಬ ಐತಿಹ್ಯವಿದೆ. ಪೇಶ್ವೆಯರ ಕಾಲದಲ್ಲೂ ಆಮೇಲೆ ಮುಂಬಯಿ ಪ್ರಾಂತದ ಆಡಳಿತದಲ್ಲೂ ಲೆಕ್ಕಪತ್ರ, ಕಂದಾಯದ ಕಾಗದ ಅದರಲ್ಲೇ ನಡೆದವು. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿದ್ದರಿಂದ ನಮ್ಮ ಕನ್ನಡದ ಊರುಗಳ ಹಳೆಯ ಪೆಟ್ಟಿಗೆಗಳಲ್ಲೂ ಇಂಥ ಕಾಗದ ಸಿಗುತ್ತದೆ. ಅದರ ಉಪಾಯ ಸರಳ. ದೇವನಾಗರಿಯಲ್ಲಿ ತಲೆಗೆರೆಯನ್ನು ಪದಪದಕ್ಕೆ ಎಳೆಯಬೇಕು. ಮೋಡಿ ಬರೆಯುವವನು ಇಡೀ ಸಾಲಿಗೆ ಒಂದೇ ಗೆರೆಯನ್ನು ಮೊದಲೇ ಎಳೆದುಬಿಡುತ್ತಾನೆ. ಆಮೇಲೆ ಅಕ್ಷರಗಳನ್ನು ಮುರಿದು ಬಾಗಿಸಿ, ಲೇಖನಿಯನ್ನು ಆದಷ್ಟು ಎತ್ತದೆ ಬರೆಯುತ್ತ ಹೋಗುತ್ತಾನೆ. ಹ್ರಸ್ವ ‘ಇ’ಗೂ ದೀರ್ಘ ‘ಈ’ಗೂ, ‘ಉ’ಗೂ ‘ಊ’ಗೂ ಸಾಮಾನ್ಯವಾಗಿ ಬೇರೆ ಬೇರೆ ಗುರುತು ಇಡುವುದಿಲ್ಲ, ಓದುವವನು ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ದಿನವೂ ಅದೇ ಬಗೆಯ ಕಾಗದ ನೋಡುವ ಕುಲಕರ್ಣಿಗೆ ಅದು ಕಷ್ಟವಲ್ಲ. ಹೆಬ್ಬೆಟ್ಟು ಒತ್ತುವ ರೈತನಿಗೆ ಮಾತ್ರ ತನ್ನ ಹೊಲದ ಬಗ್ಗೆ ಬರೆದದ್ದೇನೆಂದು ಇನ್ನೊಬ್ಬನ ಬಾಯಿಂದ ಕೇಳಬೇಕಿತ್ತು. 1917ರಲ್ಲಿ ಮುಂಬಯಿ ಸರ್ಕಾರ ಆಡಳಿತಕ್ಕೆ ಮೋಡಿಯ ಬದಲು ಬಾಳಬೋಧ, ಅಂದರೆ ದೇವನಾಗರಿ, ಬಳಸಲು ತೀರ್ಮಾನಿಸಿತು. ಆಮೇಲೆ ಕೆಲವು ದಶಕ ಅದು ಶಾಲೆಗಳಲ್ಲಿ, ಖಾಸಗಿ ಲೆಕ್ಕಗಳಲ್ಲಿ ಉಳಿದು ನಿಂತುಹೋಯಿತು.

ಇಷ್ಟಾದ ಮೇಲೆ ಮುಂದಿನ ಪಾಠದ ಯೋಜನೆ ಬದಲಾಯಿಸಿದೆ. ವಿಷಯ ಅದೇ: ದೂರ, ಸ್ಥಾನಪಲ್ಲಟ, ಸರಾಸರಿ ಜವ. ಬಸ್ಸು, ರೈಲಿನ ಉದಾಹರಣೆ ಬಿಟ್ಟು ಸೀಮೆಸುಣ್ಣವನ್ನೇ ಚಲಿಸುವ ವಸ್ತುವೆಂದು ತೆಗೆದುಕೊಂಡೆ. ಅಕ್ಷರ ಎಂದರೆ ಸೀಮೆಸುಣ್ಣದ ತುದಿ ನಡೆದ ಪಥ ತಾನೆ. ಬೇಕಾದ ಸಾಮಗ್ರಿ ಒಂದು ಉಂಡೆ ದಾರ, ಮೀಟರ್ ಪಟ್ಟಿ, ನನ್ನ ಮೊಬೈಲಿನ ಸ್ಟಾಪ್‌ವಾಚ್.

ಮೊದಲು ಒಬ್ಬ ಹುಡುಗಿ ಹಲಗೆಯ ಮೇಲೆ ದೊಡ್ಡ ಸೊನ್ನೆ ಬರೆದಳು. ಗೆರೆಯ ಮೇಲೆ ದಾರ ಹಿಡಿದು ಸುತ್ತಿಸಿ, ದಾರವನ್ನು ಪಟ್ಟಿಯ ಮೇಲಿಟ್ಟಾಗ 94 ಸೆಂ.ಮೀ. ಬಂತು. ಸಮಯ 2 ಸೆಕೆಂಡ್. ಸರಾಸರಿ ಜವ ಸೆಕೆಂಡಿಗೆ 47 ಸೆಂ.ಮೀ., ಅಂದರೆ 0.47 ಮೀ/ಸೆ. ಸ್ಥಾನಪಲ್ಲಟ ಎಷ್ಟು ಎಂದರೆ, ಹೊರಟಲ್ಲಿಗೇ ಬಂದು ನಿಂತದ್ದರಿಂದ ಸೊನ್ನೆ. ಸರಾಸರಿ ವೇಗವೂ ಸೊನ್ನೆ. “ಸೊನ್ನಿ ಬರದ್ರ ಸೊನ್ನೀನ ಬರ್ತೈತಿ” ಎಂದು ಯಾರೋ ಹಿಂದಿನಿಂದ ಕೂಗಿದರು. ಹಿಂದಿನ ವಾರ ಜವ ಮತ್ತು ವೇಗದ ವ್ಯತ್ಯಾಸಕ್ಕೆ ಅರ್ಧ ಅವಧಿ ಖರ್ಚು ಮಾಡಿದ್ದೆ. ಇಲ್ಲಿ ಐದು ನಿಮಿಷ ಸಾಕಾಯಿತು.

ಆಮೇಲೆ ಯಾವ ಪದ ಬರೆಯೋಣ ಎಂದು ಕೇಳಿದೆ. ಸಂಗೊಳ್ಳಿಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ: ‘ರಾಯಣ್ಣ’. ಗುಂಪಿಗೊಬ್ಬರಂತೆ ಬಂದು ಬರೆದರು. ದಾರ ಹಿಡಿದರು, ಸಮಯ ಗುರುತಿಸಿದರು. ಜವ ಲೆಕ್ಕ ಹಾಕಿದಾಗ ಎಲ್ಲ ಗುಂಪಿನದೂ ಸೊನ್ನೆಯ ಜವಕ್ಕಿಂತ ಬಹಳ ಕಡಿಮೆ. ಅದೇ ಸೀಮೆಸುಣ್ಣ, ಅದೇ ಕೈ, ಏಕೆ ನಿಧಾನವಾಯಿತು? ಅಂಕುಡೊಂಕು ಹೆಚ್ಚಿರುವುದರಿಂದ ಎಂದು ನಾನು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ‘ಸಂಗೊಳ್ಳಿ ಎಂಬ ಪದ ಉದ್ದ’ ಎಂದು ಬರೆದಿದ್ದ ಹುಡುಗಿಯೇ ಎದ್ದಳು: “ಟೀಚರ್, ಒತ್ತು ಬರಿಯಾಕ ಕೈ ಎತ್ತಿ ಕೆಳಗ ಬಂತಲ್ರೀ, ಆಗ ಸೀಮೆಸುಣ್ಣ ಗಾಳ್ಯಾಗ ಹೋಗಿದ್ದು ದೂರ ಅಲ್ಲೇನ್ರೀ?”

ಒಂದು ಕ್ಷಣ ನನಗೆ ಉತ್ತರ ಹೊಳೆಯಲಿಲ್ಲ. ಅವಳು ಹೇಳಿದ್ದು ಸರಿ. ದಾರ ಅಳೆಯುವುದು ಹಲಗೆಯ ಮೇಲೆ ಬಿದ್ದ ಗೆರೆಯನ್ನು ಮಾತ್ರ. ಸೀಮೆಸುಣ್ಣ ಗಾಳಿಯಲ್ಲಿ ನಡೆದ ದಾರಿ ನಮ್ಮ ಅಳತೆಗೆ ಸಿಕ್ಕಿಲ್ಲ, ಅದಕ್ಕೆ ಹಿಡಿದ ಸಮಯ ಮಾತ್ರ ಸ್ಟಾಪ್‌ವಾಚಿನಲ್ಲಿ ಸೇರಿದೆ. ಹಾಗಾಗಿ ನಾವು ಬರೆದ ಜವ ಸೀಮೆಸುಣ್ಣದ ನಿಜವಾದ ಜವವಲ್ಲ, ಅದಕ್ಕಿಂತ ಕಡಿಮೆ. ಇದನ್ನು ಹಲಗೆಯ ಮೇಲೆ ತಿದ್ದಿ ಬರೆದೆವು. ಆಮೇಲೆ ಪ್ರತಿ ಅಕ್ಷರಕ್ಕೆ ಕೈ ಎಷ್ಟು ಸಲ ಮೇಲೇಳುತ್ತದೆ ಎಂದು ಎಣಿಸುವ ಕೆಲಸಕ್ಕೆ ಇಡೀ ತರಗತಿ ಇಳಿಯಿತು. ನನ್ನ ಯೋಜನೆಯಲ್ಲಿ ಇದು ಇರಲೇ ಇಲ್ಲ.

ನನ್ನ ತಪ್ಪಿನ ಕಾರಣ ಸಿಕ್ಕಿದ್ದು ಈ ಎಣಿಕೆಯಲ್ಲಿ. ‘ದ’ದ ಹೊಟ್ಟೆ ಸೀಳಿದರೆ ‘ಧ’, ಆ ಹೊಟ್ಟೆಯೊಳಗೆ ಚುಕ್ಕೆಯನ್ನೂ ಇಟ್ಟರೆ ‘ಥ’. ನಾನು ಶಾಲೆಯಲ್ಲಿ ಕಲಿತಂತೆ ‘ಥ’ ಬರೆಯಲು ಮೈ ಒಂದು ಸಲ, ತಲೆಕಟ್ಟು ಒಂದು ಸಲ, ಸೀಳು ಒಂದು ಸಲ, ಚುಕ್ಕೆ ಒಂದು ಸಲ. ನಡುವೆ ಮೂರು ಸಲ ಕೈ ಎತ್ತಬೇಕು. ಅವಸರದ ಕೈ ಗೆರೆಯನ್ನು ಅಷ್ಟಾಗಿ ಉಳಿಸುವುದಿಲ್ಲ, ಎತ್ತುವುದನ್ನು ಉಳಿಸುತ್ತದೆ. ನನ್ನ ಕೈ ಮೈಗೇ ತಲೆಕಟ್ಟನ್ನು ಅಂಟಿಸಿ, ಸೀಳನ್ನೂ ಚುಕ್ಕೆಯನ್ನೂ ನುಂಗಿಬಿಟ್ಟಿತ್ತು. ಮೋಡಿಯವರು ಇಡೀ ಸಾಲಿಗೆ ಒಂದೇ ತಲೆಗೆರೆ ಎಳೆದು ಉಳಿಸಿದ್ದೂ ಇದನ್ನೇ. ಆದರೆ ಅವರು ಬಿಟ್ಟ ತಲೆಗೆರೆ ಯಾವ ಅಕ್ಷರಕ್ಕೂ ಗುರುತಾಗಿರಲಿಲ್ಲ. ಕನ್ನಡದಲ್ಲಿ ಕೈ ಎತ್ತಿ ಇಡುವ ಚುಕ್ಕೆ, ಸೀಳು, ಒತ್ತುಗಳೇ ಒಂದು ಅಕ್ಷರವನ್ನು ಇನ್ನೊಂದರಿಂದ ಬೇರೆ ಮಾಡುತ್ತವೆ. ಮಹಾಪ್ರಾಣ ನಿಂತಿರುವುದೇ ಆ ಸೀಳಿನ ಮೇಲೆ. ನಾನು ಉಳಿಸಬಾರದ ಕಡೆ ಉಳಿಸಿದ್ದೆ.

ಬಲೂನು ಅಕ್ಷರದ ಹುಡುಗನನ್ನೂ ಹಲಗೆಗೆ ಕರೆದೆ. ಅವನು ‘ರಾಯಣ್ಣ’ನನ್ನು ಉಬ್ಬಿಸಿ ಬರೆದಾಗ ತರಗತಿ ಚಪ್ಪಾಳೆ ತಟ್ಟಿತು. ಸಮಯ ನೋಡಿದರೆ ಎಲ್ಲರಿಗಿಂತ ಅವನದೇ ಹೆಚ್ಚು, ದಾರದ ಉದ್ದವೂ ಹೆಚ್ಚು. ಪಾಪ, ಅವನ ಮುಖ ಬಾಡಿತು. ಬೇಗ ಬರೆಯುವ ಅಕ್ಷರ ಎಂದು ನಾನೇ ಹೇಳಿದ್ದೆನಲ್ಲ. ಉಬ್ಬಕ್ಷರ ಬೇಗದ್ದು ಎನ್ನುವುದು ತಾಸುಗಟ್ಟಲೆ ಬರೆಯುವ ಬಣ್ಣದ ‘ಪೀಸ್’ಗೆ ಹೋಲಿಸಿದಾಗ, ಅದೂ ಆಳೆತ್ತರದ ಅಕ್ಷರ ದೂರಕ್ಕೆ ಕಾಣಬೇಕೆಂದಾಗ. ಸಾಮಾನ್ಯ ಬರವಣಿಗೆಗೆ ಹೋಲಿಸಿದರೆ ಅದು ನಿಧಾನವೇ, ಏಕೆಂದರೆ ಪ್ರತಿ ಗೆರೆಯ ಎರಡೂ ಬದಿ ಸುತ್ತಿ ಬರಬೇಕು. ಯಾವುದಕ್ಕೆ ಹೋಲಿಸಿ ಬೇಗ ಎನ್ನುತ್ತೇವೆ ಎಂಬುದನ್ನು ನಾನು ಮೊದಲೇ ಹೇಳಬೇಕಿತ್ತು. ಅವನೇ ಆಮೇಲೆ ಒಂದು ಮಾತು ಹೇಳಿದ: “ಣ್ಣದ ಒತ್ತು ಉಬ್ಬಸಾಕ ಜಾಗಾನ ಸಾಲಂಗಿಲ್ರೀ. ಇಂಗ್ಲಿಷ್‌ನ್ಯಾಗ ಹಂಗಿಲ್ಲ.” ರೋಮನ್ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ, ನಮ್ಮವು ಕೆಳಗೂ ಇಳಿಯುತ್ತವೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೆಯ ಅವಧಿಯಲ್ಲಿ ಓದುವ ಪರೀಕ್ಷೆ ಇಟ್ಟೆ. ಒಂದು ಗುಂಪು ‘ಚಲನೆ’ ಘಟಕದ ಪದವೊಂದನ್ನು ಆದಷ್ಟು ಬೇಗ ಬರೆಯಬೇಕು, ಇನ್ನೊಂದು ಗುಂಪಿನವರು ಕೊನೆಯ ಬೆಂಚಿನಲ್ಲಿ ನಿಂತು ಓದಬೇಕು. ಓದಲಾಗದಿದ್ದರೆ ಬರೆದವರಿಗೆ ಅಂಕವಿಲ್ಲ. ‘ಜವ’ವನ್ನು ತಲೆಕಟ್ಟು ಅಂಟಿಸಿ ಒಂದೇ ಓಟದಲ್ಲಿ ಬರೆದರೂ ಎಲ್ಲರೂ ಓದಿದರು. ‘ಸ್ಥಾನಪಲ್ಲಟ’ದ ಒತ್ತುಗಳನ್ನು ನುಂಗಿದ ಗುಂಪಿನದು ‘ಸಾನಪಲಟ’ವಾಗಿ ನಗೆಪಾಟಲಾಯಿತು. ‘ಪ’ದ ತಲೆಕಟ್ಟನ್ನು ಅಂಟಿಸಿದರೆ ದೂರಕ್ಕೆ ‘ವ’ ಎಂದು ಕಾಣುತ್ತದೆ ಎನ್ನುವುದು ನನಗೂ ಹೊಸದು. ತಲೆಕಟ್ಟನ್ನು ಎಲ್ಲ ಅಕ್ಷರಕ್ಕೂ ಒಂದೇ ರೀತಿ ಅಂಟಿಸಲು ಬರುವುದಿಲ್ಲ. ದೀರ್ಘವನ್ನು ಬಿಟ್ಟು ‘ದುರ’ ಎಂದು ಬರೆದದ್ದನ್ನು ಹಲವರು ‘ದೂರ’ ಎಂದೇ ಓದಿದರು, ಪಾಠ ಗೊತ್ತಿದ್ದುದರಿಂದ. ಮೋಡಿ ಓದುತ್ತಿದ್ದವರೂ ಹಾಗೆಯೇ ನಡೆಸಿಕೊಂಡಿರಬೇಕು. ಆದರೆ ಹೊಸ ಪದವನ್ನು ಮೊದಲ ಸಲ ನೋಡುವ ಮಗುವಿಗೆ ಊಹಿಸಲು ಸಂದರ್ಭವೇ ಇರುವುದಿಲ್ಲ. ನನ್ನ ‘ಪಥ’ ಬಿದ್ದದ್ದು ಅಲ್ಲೇ.

ಆ ದಿನದಿಂದ ನನ್ನ ಹಲಗೆಯನ್ನು ಎರಡು ಭಾಗ ಮಾಡಿದ್ದೇನೆ. ಎಡಗಡೆ ಹೊಸ ಪದ, ವ್ಯಾಖ್ಯೆ. ಇಲ್ಲಿ ಪ್ರತಿ ಚುಕ್ಕೆಗೂ ಕೈ ಎತ್ತುತ್ತೇನೆ, ಅವಧಿ ಮುಗಿಯುವ ತನಕ ಅಳಿಸುವುದಿಲ್ಲ. ಬಲಗಡೆ ಲೆಕ್ಕದ ಹಂತಗಳು, ಬಾಯಲ್ಲಿ ಹೇಳುತ್ತ ಬೇಗ ಬರೆದು ಬೇಗ ಅಳಿಸುವಂಥವು. ಬರೆದು ಮುಗಿಸಿ ಒಮ್ಮೆ ಕೊನೆಯ ಬೆಂಚಿಗೆ ನಡೆದು ನೋಡುತ್ತೇನೆ. ಇದಕ್ಕೆ ಬೆಲೆಯೂ ಉಂಟು. ಅಕ್ಷರಗಳ ಹಿಂದೆ ಎರಡು ಅವಧಿ ಹೋಗಿ, ಏಕರೂಪ ಚಲನೆಯ ನಕ್ಷೆ ನನ್ನ ಪಾಲಿನ ದಿನಗಳಲ್ಲಿ ಮುಗಿಯಲಿಲ್ಲ, ಮಾರ್ಗದರ್ಶಕ ಶಿಕ್ಷಕಿಯೇ ಮುಂದುವರಿಸಬೇಕಾಯಿತು. ವೀಕ್ಷಣಾ ಪುಸ್ತಕದಲ್ಲಿ ಅವರು ‘ಚಟುವಟಿಕೆ ಚೆನ್ನಾಗಿದೆ, ಸಮಯ ಪಾಲನೆ ಇಲ್ಲ’ ಎಂದು ಬರೆದಿದ್ದಾರೆ. ಒಪ್ಪುತ್ತೇನೆ. ಮತ್ತೆ ಮಾಡುವುದಾದರೆ ಓದುವ ಪರೀಕ್ಷೆಯನ್ನು ಕನ್ನಡ ಶಿಕ್ಷಕರ ಅವಧಿಯಲ್ಲಿ ಅವರ ಜೊತೆ ಸೇರಿ ಮಾಡುತ್ತೇನೆ. ಮರುಪರೀಕ್ಷೆಯಲ್ಲಿ ಇಬ್ಬರು ಇನ್ನೂ ‘ಪದ’ ಎಂದೇ ಬರೆದಿದ್ದರು. ಒಮ್ಮೆ ತಪ್ಪಾಗಿ ಬರೆದುಕೊಂಡದ್ದು ಪುಸ್ತಕದಲ್ಲಿ ಹಾಗೇ ಇತ್ತು, ಅವರು ಅದನ್ನೇ ಓದಿಕೊಂಡು ಬಂದಿದ್ದರು. ಅವರ ಪಕ್ಕ ಕುಳಿತು ಪುಸ್ತಕದಲ್ಲೇ ತಿದ್ದಿಸಿದೆ. ಹಿಂದಿನ ಬೆಂಚಿನ ಹುಡುಗನ ಪುಟದಲ್ಲಿ ಈಗ ಎಡಭಾಗದ್ದೆಲ್ಲ ಇರುತ್ತದೆ, ಬಲಭಾಗದ್ದು ಅರ್ಧ. ತಲೆಬರಹ ಮಾತ್ರ ಉಬ್ಬಿಯೇ ಇರುತ್ತದೆ.

ಬೋಧನಾಭ್ಯಾಸ ಮುಗಿದು ಕೋಣೆ ಬಿಡುವ ಹಿಂದಿನ ದಿನ ಅಜ್ಜ ಆ ತಗಡಿನ ಡಬ್ಬಿಯನ್ನೂ ಒಂದು ಬಿಳಿ ಹಾಳೆಯನ್ನೂ ತಂದು ಮುಂದಿಟ್ಟರು. ಒಳಗಿನದು ಮೋಡಿ ಕಾಗದ, ಹೊಲದ್ದು, ಬಲ್ಲವರು ಸಿಕ್ಕರೆ ಓದಿಸಬೇಕು, ಒಗೆಯಬಾರದು ಎಂದು ಕನ್ನಡದಲ್ಲಿ ಬರೆದುಕೊಡು ಎಂದರು. ನಾನು ಪೆನ್ನು ತೆಗೆದೆ. “ಸಾವಕಾಶ ಬರಿ ಯವ್ವಾ, ಮೊಮ್ಮಕ್ಕಳು ಓದೂದೈತಿ” ಎಂದು ಪಕ್ಕದಲ್ಲೇ ಕುಳಿತರು.